ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಹೊಟ್ಟೆ ಚಿಕ್ಕದಾದ ಮೇಲೆ ಊಟ ಹೇಗೆ?

ಕಾಸರಗೋಡು: ತೂಕ ಇಳಿಸಲು ಹೊಟ್ಟೆಯ ಆಪರೇಶನ್ ಮಾಡಿಸಿಕೊಳ್ಳುವುದು ಒಂದು ಕಾಲದಲ್ಲಿ ಮುಂಬಯಿ, ಚೆನ್ನೈಗಳ ಸಿರಿವಂತರ ಸುದ್ದಿಯಾಗಿತ್ತು. ಈಗ ಹಾಗಿಲ್ಲ. ಗಡಿಯಾಚೆ ಮಂಗಳೂರಿನಲ್ಲೂ ಇತ್ತ ಕಲ್ಲಿಕೋಟೆಯಲ್ಲೂ ಈ ಚಿಕಿತ್ಸೆ ನಡೆಯುತ್ತಿದೆ. ಹೊಟ್ಟೆಯನ್ನು ದೊಡ್ಡದಾಗಿ ಸೀಳದೆ ನಾಲ್ಕೈದು ಸಣ್ಣ ತೂತುಗಳ ಮೂಲಕ ನಡೆಸುವುದರಿಂದ, ತೊಡಕಿಲ್ಲದಿದ್ದರೆ ರೋಗಿ ಎರಡು-ಮೂರು ದಿನಗಳಲ್ಲಿ ಮನೆಗೆ ಮರಳುತ್ತಾರೆ. ನಿಜವಾದ ಕೆಲಸ ಆರಂಭವಾಗುವುದು ಆಗಲೇ.

ಮನೆಗೆ ಬರುವಾಗ ಕೈಯಲ್ಲೊಂದು ಡಯಟ್ ಚಾರ್ಟ್ ಇರುತ್ತದೆ. ಹೆಚ್ಚಾಗಿ ಅದು ಇಂಗ್ಲಿಷಿನಲ್ಲಿ. ಕ್ಲಿಯರ್ ಲಿಕ್ವಿಡ್, ಫುಲ್ ಲಿಕ್ವಿಡ್, ಪ್ಯೂರಿ, ಸಾಫ್ಟ್ ಡಯಟ್ ಎಂದು ನಾಲ್ಕು ಹಂತಗಳು. ಜೊತೆಗೆ ಓಟ್ಸ್, ಬ್ರಾಕೊಲಿ, ಲೋ ಫ್ಯಾಟ್ ಯೋಗರ್ಟ್. ಅಡುಗೆ ಮಾಡುವವರು ತಾಯಿ, ಅತ್ತೆ ಅಥವಾ ಪತ್ನಿ. ಆಸ್ಪತ್ರೆಯಿಂದ ಬಂದವರಿಗೆ ಕೊಡುವ ಪಥ್ಯ ಯಾವುದೆಂದು ಅವರನ್ನು ಕೇಳಿದರೆ ಉತ್ತರ ಒಂದೇ: ಗಂಜಿ. ಬೇರೆ ಯಾವ ಆಪರೇಶನ್ ಆದರೂ ಈ ಉತ್ತರ ಸರಿಯೇ. ಇಲ್ಲಿ ಮಾತ್ರ ಅದು ಅರ್ಧ ಸರಿ, ಅರ್ಧ ಅಪಾಯ.

ವಿಷಯ ಸಣ್ಣದೇನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ಶೇ. 38ರಷ್ಟು ಮಹಿಳೆಯರು, ಶೇ. 36ರಷ್ಟು ಪುರುಷರು ಅಧಿಕ ತೂಕದವರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 30ರ ಆಸುಪಾಸು. ಇವರೆಲ್ಲರಿಗೂ ಆಪರೇಶನ್ ಬೇಕಾಗಿಲ್ಲ, ಬಹುಪಾಲು ಜನರಿಗೆ ಬೇಡವೇ ಬೇಡ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮೊಣಕಾಲು ಸವೆತ ಇವೆಲ್ಲ ಸೇರಿಕೊಂಡು, ವರ್ಷಗಟ್ಟಲೆ ಪ್ರಯತ್ನಿಸಿಯೂ ತೂಕ ಇಳಿಯದವರ ಪಾಲಿಗೆ ಇದು ಸೌಂದರ್ಯದ ಪ್ರಶ್ನೆಯಲ್ಲ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ದೀರ್ಘಾವಧಿಯ ಅಧ್ಯಯನವೊಂದು, ಆಪರೇಶನ್ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣವೇ ಕಡಿಮೆಯಾದುದನ್ನು 2007ರಲ್ಲಿ ತೋರಿಸಿಕೊಟ್ಟಿತು.

ಹೊಟ್ಟೆಗೆ ಆಗುವುದೇನು?

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯಂತಹ ಒಂದು ಕೊಳವೆಯಾಗಿ ಹೊಲಿಯುತ್ತಾರೆ. ಅದರಲ್ಲಿ ಹಿಡಿಸುವುದು 100ರಿಂದ 150 ಮಿ.ಲೀ., ಎಂದರೆ ಒಂದು ಸಣ್ಣ ಚಹಾ ಲೋಟದಷ್ಟು. ಹಸಿವೆಯನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಕತ್ತರಿಸಿ ತೆಗೆದ ಭಾಗದಲ್ಲಿಯೇ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಹಸಿವೆಯೇ ಆಗುವುದಿಲ್ಲ ಎನ್ನುವವರು ಅನೇಕರು. ತೆಗೆದ ಜಠರವನ್ನು ಮತ್ತೆ ಜೋಡಿಸಲು ಬರುವುದಿಲ್ಲ ಎಂಬುದನ್ನು ಸಹಿ ಹಾಕುವ ಮುಂಚೆಯೇ ತಿಳಿದಿರಬೇಕು.

ಇನ್ನೊಂದು ವಿಧ ಗ್ಯಾಸ್ಟ್ರಿಕ್ ಬೈಪಾಸ್. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು 1960ರ ದಶಕದಲ್ಲಿ ಆರಂಭಿಸಿದ ವಿಧಾನ ಇದರ ಮೂಲ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲ ಮಾಡಿ ಅದಕ್ಕೆ ಸಣ್ಣಕರುಳನ್ನು ನೇರವಾಗಿ ಜೋಡಿಸುತ್ತಾರೆ. ಆಹಾರ ಹಳೆಯ ದಾರಿ ಬಿಟ್ಟು ಬೈಪಾಸ್ ರಸ್ತೆಯಲ್ಲಿ ಸಾಗುತ್ತದೆ. ಹೆದ್ದಾರಿ ಬೈಪಾಸ್ ಆದಾಗ ಹಳೆಯ ಪೇಟೆಯ ಅಂಗಡಿಗಳಿಗೆ ವ್ಯಾಪಾರ ತಪ್ಪುವಂತೆಯೇ, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹೀರಿಕೊಳ್ಳುವ ಕರುಳಿನ ಮೊದಲ ಭಾಗಕ್ಕೆ ಇಲ್ಲಿ ಆಹಾರ ಸಿಗದೆ ಹೋಗುತ್ತದೆ. ತಿಂದದ್ದು ಕಡಿಮೆ, ಮೈಗೆ ಹತ್ತುವುದು ಇನ್ನೂ ಕಡಿಮೆ. ಇದೇ ಕಾರಣಕ್ಕೆ ತೂಕ ಇಳಿಯುತ್ತದೆ, ಇದೇ ಕಾರಣಕ್ಕೆ ಪೋಷಕಾಂಶಗಳ ಕೊರತೆಯೂ ಬರುತ್ತದೆ.

ಯಾರಿಗೆ ಆಪರೇಶನ್ ಎಂಬುದಕ್ಕೆ ತೂಕ ಮತ್ತು ಎತ್ತರಗಳಿಂದ ಲೆಕ್ಕ ಹಾಕುವ ಬಿ.ಎಂ.ಐ. ಎಂಬ ಅಂಕಿ ಆಧಾರ. 160 ಸೆಂ.ಮೀ. ಎತ್ತರದವರು 90 ಕಿಲೋ ಇದ್ದರೆ ಅವರ ಬಿ.ಎಂ.ಐ. 35. ಈ ಕ್ಷೇತ್ರದ ಅಮೆರಿಕದ ಸಂಘ ಹಾಗೂ ಅಂತಾರಾಷ್ಟ್ರೀಯ ಒಕ್ಕೂಟ ಸೇರಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಶನ್ ಸಲಹೆ ಮಾಡಬಹುದೆಂದೂ ಏಷ್ಯಾದವರಿಗೆ ಈ ಮಿತಿ ಇನ್ನೂ ಕೆಳಗೆ, 27.5ರಿಂದಲೇ, ಇರಬಹುದೆಂದೂ ಹೇಳಲಾಗಿದೆ. ವಿಮೆಯವರ ಲೆಕ್ಕ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ನಿಯಮದಂತೆ ಬಿ.ಎಂ.ಐ. 40 ಇರಬೇಕು, ಅಥವಾ 35ರ ಜೊತೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾದಂತಹ ರೋಗ ಇರಬೇಕು. ವೈದ್ಯರು ಬೇಕೆಂದರೂ ವಿಮೆ ಸಿಗದಿರಬಹುದು ಎಂದರ್ಥ. ಪಾಲಿಸಿಯನ್ನು ಮೊದಲೇ ಓದಿಸಿಕೊಂಡರೆ ಬಿಲ್ ಕೈಗೆ ಬಂದಾಗ ಕಂಗಾಲಾಗುವುದು ತಪ್ಪುತ್ತದೆ.

ಮುಂಚಿನ ಎರಡು ವಾರ

ಆಪರೇಶನ್ ನಿಗದಿಯಾಯಿತೆಂದರೆ ಹಲವರು ಮಾಡುವ ಮೊದಲ ಕೆಲಸ ಬಿರಿಯಾನಿ, ಹೋಳಿಗೆಗಳಿಗೆ ವಿದಾಯಕೂಟ. ಇನ್ನು ಜೀವಮಾನದಲ್ಲಿ ಸಿಗುವುದಿಲ್ಲವಲ್ಲ ಎಂಬ ಭಾವನೆ. ಇದು ನೇರವಾಗಿ ಶಸ್ತ್ರವೈದ್ಯರ ಕೈಗೇ ತೊಡಕು. ತೂಕ ಹೆಚ್ಚಿರುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡು ಜಠರದ ಮೇಲೆ ಚಾಚಿರುತ್ತದೆ. ಜಠರವನ್ನು ತಲುಪಬೇಕಾದರೆ ಅದನ್ನು ಎತ್ತಿ ಹಿಡಿಯಬೇಕು. ಎರಡು ವಾರ ಅನ್ನ, ಸಕ್ಕರೆ, ಎಣ್ಣೆ ಕಡಿಮೆ ಮಾಡಿ ದಿನಕ್ಕೆ 800ರಿಂದ 1200 ಕ್ಯಾಲೊರಿಯ ಪಥ್ಯ ಮಾಡಿದರೆ ಯಕೃತ್ತು ಕುಗ್ಗಿ ಮೆತ್ತಗಾಗುತ್ತದೆ, ಕೆಲಸ ಸುಲಭವಾಗುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರ ಈ ಪಥ್ಯವನ್ನು ವೈದ್ಯರಿಗೆ ಹೇಳದೆ ಆರಂಭಿಸಬಾರದು. ಅನ್ನ ಬಿಟ್ಟು ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಮುಂತಾದ ಮಾತ್ರೆಗಳನ್ನು ಆಪರೇಶನ್ನಿಗೆ ಕೆಲವು ದಿನ ಮೊದಲೇ ನಿಲ್ಲಿಸುವುದೂ ಇದೆ.

ಬೀಡಿ, ಸಿಗರೇಟು ಕನಿಷ್ಠ ಆರು ವಾರ ಮುಂಚೆ ನಿಲ್ಲಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹಿರಿಯರು 'ನಾನು ಸೇದುವುದಿಲ್ಲವಲ್ಲ' ಎಂದು ಸುಮ್ಮನಿರುತ್ತಾರೆ, ವೈದ್ಯರೂ ಕೇಳುವುದಿಲ್ಲ. ಹೊಗೆಸೊಪ್ಪಿನಲ್ಲಿರುವುದೂ ಅದೇ ನಿಕೋಟಿನ್. ಹೊಲಿಗೆ ಮಾಯುವುದಕ್ಕೆ ಅದು ಅಡ್ಡಿ.

ಈ ಎರಡು ವಾರಗಳಲ್ಲಿ ಅಭ್ಯಾಸ ಮಾಡಬೇಕಾದ ಇನ್ನೆರಡು ಸಂಗತಿಗಳಿವೆ. ಒಂದು, ಪ್ರತಿ ತುತ್ತನ್ನೂ ಇಪ್ಪತ್ತು-ಮೂವತ್ತು ಸಲ ಅಗಿಯುವುದು. ಗಂಜಿ ಊಟದ ಊರಿನವರಿಗೆ ಇದು ಸುಲಭವಲ್ಲ, ಏಕೆಂದರೆ ನಾವು ಗಂಜಿಯನ್ನು ಅಗಿಯುವುದೇ ಇಲ್ಲ. ಇನ್ನೊಂದು, ಊಟದ ನಡುವೆ ನೀರು ಕುಡಿಯದಿರುವುದು. ಬಟ್ಟಲು ತುಂಬಿದ ಮೇಲೆ ಮತ್ತೆ ಸುರಿದರೆ ಹೇಗೆ ಚೆಲ್ಲುತ್ತದೋ ಹಾಗೆ. ಊಟಕ್ಕೆ ಹದಿನೈದು ನಿಮಿಷ ಮೊದಲು ನೀರು ನಿಲ್ಲಿಸಿ, ಊಟವಾದ ಅರ್ಧ ಗಂಟೆಯ ಅನಂತರ ಮತ್ತೆ ಆರಂಭಿಸಬೇಕು. ಊಟದ ಕೊನೆಗೆ ಒಂದು ದೊಡ್ಡ ಲೋಟ ಮಜ್ಜಿಗೆ ನೀರು ಕುಡಿದು ಏಳುವ ಪದ್ಧತಿಗೆ ಇಲ್ಲಿ ಜಾಗವಿಲ್ಲ.

ಮೊದಲ ಆರು ವಾರ

ಮೊದಲ ಒಂದೆರಡು ದಿನ ಆಸ್ಪತ್ರೆಯಲ್ಲಿ ನೀರು, ತಿಳಿಯಾದ ಸಾರು, ಸಕ್ಕರೆಯಿಲ್ಲದ ತೆಳು ಪಾನೀಯ ಮಾತ್ರ. ಗುಟುಕು ಗುಟುಕಾಗಿ. ಮನೆಗೆ ಬಂದ ಮೇಲೆ ಎರಡು ವಾರ ಪೂರ್ತಿಯಾದ ದ್ರವಾಹಾರ: ಕೊಬ್ಬು ತೆಗೆದ ಹಾಲು, ಸೋಸಿದ ಮಜ್ಜಿಗೆ, ಹೆಸರುಬೇಳೆ ಬೇಯಿಸಿ ಕಡೆದು ಸೋಸಿದ ಸಾರು, ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ. ಮಾಂಸಾಹಾರಿಗಳಾದರೆ ಕೋಳಿಯ ಅಥವಾ ಮೀನಿನ ತಿಳಿ ಸೂಪು. ತಂಬುಳಿಯೂ ಆಗುತ್ತದೆ, ಆದರೆ ತೆಂಗಿನಕಾಯಿಯ ಗಷಿ ಉಳಿಯದಂತೆ ಸೋಸಿ, ಒಗ್ಗರಣೆಯ ಮೆಣಸು ಬಿಟ್ಟು. ಎಳನೀರನ್ನು ಅಮೃತವೆಂದು ಒಂದೇ ಉಸಿರಿಗೆ ಕುಡಿಸುವವರಿದ್ದಾರೆ. ಅದರಲ್ಲಿ ಸಕ್ಕರೆಯ ಅಂಶವಿದೆ, ಪ್ರೋಟೀನ್ ಇಲ್ಲ. ಸ್ವಲ್ಪ ಸ್ವಲ್ಪ ಹೀರಿದರೆ ತೊಂದರೆಯಿಲ್ಲ, ಅದನ್ನೇ ಊಟವೆಂದು ತಿಳಿಯಬಾರದು. ಸೋಡಾ, ಕೋಲಾಗಳಂತೂ ಬೇಡವೇ ಬೇಡ.

ಮೂರನೇ ವಾರದಿಂದ ಕಡೆದ ಆಹಾರ. ಇಂಗ್ಲಿಷಿನ ಪ್ಯೂರಿ ಎಂಬ ಪದಕ್ಕೆ ಹೆದರಬೇಕಾಗಿಲ್ಲ. ಗಟ್ಟಿ ತೊವ್ವೆ, ಮಿಕ್ಸಿಯಲ್ಲಿ ನುಣ್ಣಗೆ ಕಡೆದ ಹೆಸರು, ಕಿವುಚಿದ ಮೆದು ಪನೀರು, ಬೇಯಿಸಿ ಮೊಸರಿನಲ್ಲಿ ಕಲಸಿದ ಮೊಟ್ಟೆ, ಮುಳ್ಳು ತೆಗೆದು ನುರಿದ ಮೀನು, ಇವೇ ಪ್ಯೂರಿ. ಐದನೇ ವಾರದ ಹೊತ್ತಿಗೆ ಮೆದು ಆಹಾರ: ಇಡ್ಲಿಯ ಒಂದು ಚೂರು, ಬೆಂದ ಸೋರೆಕಾಯಿ, ಸೌತೆಕಾಯಿ, ಹಬೆಯಲ್ಲಿ ಬೇಯಿಸಿದ ಬಂಗುಡೆ. ಬೂತಾಯಿ ಒಳ್ಳೆಯ ಮೀನೇ, ಎಣ್ಣೆಯಲ್ಲಿ ಮುಳುಗಿಸಿ ಹುರಿಯದಿದ್ದರೆ. ಎರಡು ತಿಂಗಳ ಅನಂತರ ಒಂದೊಂದೇ ಪದಾರ್ಥವನ್ನು ಸೇರಿಸುತ್ತಾ ಮನೆಯ ಊಟಕ್ಕೆ ಬರಬಹುದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ವಾರಗಳ ಲೆಕ್ಕ ಸ್ವಲ್ಪ ಬದಲಾಗುತ್ತದೆ. ತಮ್ಮ ವೈದ್ಯರು ಹೇಳಿದ್ದೇ ಅಂತಿಮ.

ಕೆಲವು ತಿನಿಸುಗಳು ಬಹುಕಾಲ ತಂಟೆ ಮಾಡುತ್ತವೆ. ಮೆತ್ತಗಿನ ಬ್ರೆಡ್ಡು, ಚಪಾತಿ, ನೀರುದೋಸೆಯಂತಹ ಅಂಟು ಪದಾರ್ಥ ಕೊಳವೆಯಲ್ಲಿ ಮುದ್ದೆಯಾಗಿ ಕೂರುತ್ತದೆ. ಒಣಗಿದ ಕೋಳಿ ತುಂಡು ಅಂತೆಯೇ. ಕಡಿದ ತೆಂಗಿನ ಚೂರು, ಹಲಸಿನ ಸೊಳೆಯ ನಾರು, ಕಿತ್ತಳೆಯ ತೊಳೆಯ ಸಿಪ್ಪೆ ಸಿಕ್ಕಿಕೊಂಡರೆ ಕೆಳಗಿಳಿಯುವುದೂ ಇಲ್ಲ, ಸುಲಭವಾಗಿ ಮೇಲೆ ಬರುವುದೂ ಇಲ್ಲ. ಎದೆಯ ನಡುವೆ ಒತ್ತಿದಂತಾಗಿ ಬಾಯಲ್ಲಿ ನೊರೆ ಬರುತ್ತದೆ. ಅನುಭವಿಸಿದವರಿಗೆ ಅಗಿಯುವುದನ್ನು ಮತ್ತೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಗಂಜಿಯ ಪ್ರಶ್ನೆ

ಇನ್ನು ಗಂಜಿ. ಮೊದಲ ದಿನಗಳಲ್ಲಿ ಗಂಜಿಯ ತೆಳಿ ಕುಡಿಯಲು ಅಡ್ಡಿಯಿಲ್ಲ, ಹಿತವಾಗಿಯೇ ಇರುತ್ತದೆ. ಸಮಸ್ಯೆ ಬರುವುದು ಅದೇ ಮುಂದುವರಿದಾಗ. ಒಂದು ಹೊತ್ತಿಗೆ ಹಿಡಿಸುವುದೇ ನಾಲ್ಕೈದು ಚಮಚ ಎಂದಾದರೆ, ಆ ನಾಲ್ಕೈದು ಚಮಚವನ್ನೂ ಅನ್ನ ಮತ್ತು ನೀರಿನಿಂದ ತುಂಬಿಸಿದರೆ ಪ್ರೋಟೀನಿಗೆ, ಜೀವಸತ್ವಗಳಿಗೆ ಜಾಗ ಎಲ್ಲಿ? ಹೊಟ್ಟೆ ತುಂಬಿದೆ, ಮೈ ಉಪವಾಸವಿದೆ. ತೂಕ ಇಳಿಯುತ್ತಿದೆಯಲ್ಲ ಎಂದು ಮನೆಮಂದಿ ಸಂತೋಷಪಡುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತಿರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಥಯಾಮಿನ್ ಎಂಬ ಬಿ-1 ಜೀವಸತ್ವದ್ದು. ಅಕ್ಕಿಗೂ ಇದಕ್ಕೂ ಹಳೆಯ ನಂಟಿದೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ತಿಂದ ಕೋಳಿಗಳು ಬೆರಿಬೆರಿಯಂತಹ ರೋಗದಿಂದ ಕಾಲು ಸೋತು ಬೀಳುವುದನ್ನೂ, ತೌಡು ಇರುವ ಅಕ್ಕಿ ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಕಂಡರು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ನಮ್ಮ ಕುಚ್ಚಿಲಕ್ಕಿಯಲ್ಲಿ ಈ ಜೀವಸತ್ವ ಕಾಳಿನೊಳಗೆ ಇಳಿದು ಉಳಿಯುವುದರಿಂದ ಬೆಳ್ತಿಗೆಗಿಂತ ಅದು ಮೇಲು. ಕರಾವಳಿಯ ಅಜ್ಜಂದಿರು ಕುಚ್ಚಿಲಕ್ಕಿಯನ್ನು ಬಿಡದಿದ್ದುದು ಒಳ್ಳೆಯದೇ ಆಯಿತು. ಹಾಗೆಂದು ಆಪರೇಶನ್ ಆದವರಿಗೆ ನಾಲ್ಕು ಚಮಚ ಕುಚ್ಚಿಲಕ್ಕಿ ಗಂಜಿಯಿಂದ ಬೇಕಾದಷ್ಟು ಸಿಕ್ಕಿಬಿಡುತ್ತದೆ ಎಂದಲ್ಲ.

ಮೈಯಲ್ಲಿ ಥಯಾಮಿನ್ನಿನ ದಾಸ್ತಾನು ಎರಡು-ಮೂರು ವಾರಗಳಿಗೆ ಮಾತ್ರ ಸಾಕು. ಆಪರೇಶನ್ನಿನ ಅನಂತರ ತಿನ್ನುವುದೇ ಕಡಿಮೆ. ಅದರ ಮೇಲೆ ದಿನವೂ ವಾಂತಿಯಾದರೆ ದಾಸ್ತಾನು ಬರಿದಾಗುತ್ತದೆ. ಮೊದಲ ಮೂರು ತಿಂಗಳು ಇದಕ್ಕೆ ಹೆಚ್ಚು ಅಪಾಯದ ಕಾಲ. ಪಾದಗಳಲ್ಲಿ ಉರಿ, ಜೋಮು, ನಡೆಯುವಾಗ ತೂರಾಟ, ಕಣ್ಣಿಗೆ ಒಂದು ಎರಡಾಗಿ ಕಾಣುವುದು, ಮಾತು, ನೆನಪು ಗೊಂದಲವಾಗುವುದು ಇದರ ಲಕ್ಷಣಗಳು. ತಡವಾದರೆ ಮೆದುಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು.

ಇಲ್ಲಿ ನಮ್ಮ ಊರಿನ ಒಂದು ರೂಢಿಯೇ ಅಡ್ಡ ಬರುತ್ತದೆ. ವಾಂತಿ, ಸುಸ್ತು ಎಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ 'ಒಂದು ಗ್ಲೂಕೋಸ್ ಹಾಕಿಸಿಕೊಂಡು' ಬರುವುದು. ಥಯಾಮಿನ್ ಬರಿದಾದ ಮೈಗೆ ಗ್ಲೂಕೋಸ್ ಒಂದನ್ನೇ ಏರಿಸಿದರೆ ಆ ಗ್ಲೂಕೋಸನ್ನು ಉರಿಸಲು ಉಳಿದ ಚೂರುಪಾರು ಥಯಾಮಿನ್ ಕೂಡ ಖರ್ಚಾಗಿ ರೋಗಿಯ ಸ್ಥಿತಿ ಬಿಗಡಾಯಿಸುತ್ತದೆ. ಥಯಾಮಿನ್ ಇಂಜೆಕ್ಷನ್ ಮೊದಲು ಅಥವಾ ಜೊತೆಯಲ್ಲೇ ಹೋಗಬೇಕು. ಇಂಜೆಕ್ಷನ್ ದುಬಾರಿಯೂ ಅಲ್ಲ, ಅಪರೂಪದ್ದೂ ಅಲ್ಲ. ಆದರೆ ಇಂತಹ ಆಪರೇಶನ್ ಆಗಿದೆ ಎಂದು ಕ್ಲಿನಿಕ್ಕಿನ ವೈದ್ಯರಿಗೆ ಹೇಳದಿದ್ದರೆ ಅವರಿಗೆ ಹೊಳೆಯುವುದಾದರೂ ಹೇಗೆ? ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಕಲೆಗಳಲ್ಲದೆ ಬೇರೆ ಗುರುತಿರುವುದಿಲ್ಲ. ಆಪರೇಶನ್ ಮಾಡಿಸಿಕೊಂಡದ್ದನ್ನು ನೆಂಟರಿಂದ ಮುಚ್ಚಿಡುವವರು ವೈದ್ಯರಿಂದಲೂ ಮುಚ್ಚಿಡುವುದುಂಟು.

ಎರಡು ದಿನಕ್ಕಿಂತ ಹೆಚ್ಚು ಕಾಲ ವಾಂತಿ ನಿಲ್ಲದಿದ್ದರೆ, ನೀರೂ ನಿಲ್ಲದಿದ್ದರೆ, ಆಪರೇಶನ್ ಮಾಡಿದವರಿಗೆ ಫೋನ್ ಹೋಗಲೇಬೇಕು. ಮೊದಲ ಎರಡು ವಾರಗಳಲ್ಲಿ ಜ್ವರ, ಎದೆಬಡಿತದ ವೇಗ, ಉಸಿರಾಟದ ತೊಂದರೆ, ಹೊಟ್ಟೆಯ ಜೊತೆ ಎಡ ಭುಜದ ನೋವು ಅಥವಾ ಒಂದು ಕಾಲು ಊದಿಕೊಳ್ಳುವುದು ಕಂಡರೆ ಫೋನ್ ಮಾಡಿ ಕಾಯುವುದೂ ಬೇಡ, ಆಸ್ಪತ್ರೆಗೇ ಹೋಗಬೇಕು. ಹೊಲಿಗೆ ಸೋರುವುದರ, ರಕ್ತ ಹೆಪ್ಪುಗಟ್ಟುವುದರ ಸೂಚನೆಗಳವು.

ಬಟ್ಟಲಿನಲ್ಲಿ ಯಾವುದು ಮೊದಲು?

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಲೆಕ್ಕ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಅಷ್ಟೇ, 100 ಗ್ರಾಂ ಮೀನಿನಲ್ಲಿ ಸುಮಾರು 20, ಅಷ್ಟೇ ಪನೀರಿನಲ್ಲಿ 18. 100 ಗ್ರಾಂ ಅನ್ನದಲ್ಲಿ ಎರಡೂವರೆ ಗ್ರಾಂ ಮಾತ್ರ. ಇಷ್ಟು ತಿಳಿದರೆ ಉಳಿದದ್ದು ಅಡುಗೆಮನೆಯವರಿಗೆ ಬಿಟ್ಟದ್ದು. ಬಡಿಸುವ ಕ್ರಮವನ್ನು ತಿರುಗಿಸಿದರೆ ಸಾಕು: ಮೊದಲು ಮೀನು, ಮೊಟ್ಟೆ ಅಥವಾ ತೊವ್ವೆ, ಆಮೇಲೆ ತರಕಾರಿ, ಕೊನೆಗೆ ಜಾಗ ಉಳಿದರೆ ಎರಡು ಚಮಚ ಅನ್ನ.

ಮೂರು ತಿಂಗಳು ಕಳೆದವರ ಒಂದು ದಿನವನ್ನು ಹೀಗೆ ಊಹಿಸಬಹುದು. ಬೆಳಗ್ಗೆ ಒಂದು ಮೊಟ್ಟೆ, ಸ್ವಲ್ಪ ತಡೆದು ಅರ್ಧ ಲೋಟ ಹಾಲು. ಹತ್ತು ಗಂಟೆಗೆ ಅರ್ಧ ಬಟ್ಟಲು ಗಟ್ಟಿ ತೊವ್ವೆ. ಮಧ್ಯಾಹ್ನ ಮಧ್ಯಮ ಗಾತ್ರದ ಬಂಗುಡೆಯ ಅರ್ಧ ಭಾಗ, ಬೆಂದ ತರಕಾರಿ, ಎರಡು ಚಮಚ ಅನ್ನ, ಸ್ವಲ್ಪ ಮೊಸರು. ಸಂಜೆ ಒಂದು ಅಳತೆ ಪ್ರೋಟೀನ್ ಪುಡಿ. ರಾತ್ರಿ 30 ಗ್ರಾಂ ಪನೀರು. ಎಲ್ಲ ಕೂಡಿಸಿದರೂ 60ರ ಹತ್ತಿರ ಬರುತ್ತದೆ ಅಷ್ಟೆ, ಅದರಲ್ಲೂ ಪುಡಿಯ ಪಾಲೇ 24ರ ಸುಮಾರು. ಸಸ್ಯಾಹಾರಿಗಳಿಗೆ ಪುಡಿಯಿಲ್ಲದೆ ಲೆಕ್ಕ ಕೂಡಿಬರುವುದು ಕಷ್ಟ. ಒಣ ಸೋಯಾ ತುಂಡಿನಲ್ಲಿ ನೂರಕ್ಕೆ 50 ಗ್ರಾಂ ಪ್ರೋಟೀನ್ ಇದೆ, ನೆನೆಸಿ ಬೇಯಿಸಿ ಪುಡಿಮಾಡಿ ಬಳಸಬಹುದು. ಹುರುಳಿ ಸಾರು ಶಕ್ತಿ ಎಂಬ ನಂಬಿಕೆ ಗಟ್ಟಿಯಾಗಿದೆ. ಶಕ್ತಿಯಿರುವುದು ಕಾಳಿನಲ್ಲಿ, ಬಸಿದ ನೀರಿನಲ್ಲಿ ರುಚಿಯೇ ಜಾಸ್ತಿ.

ನೀರು ದಿನಕ್ಕೆ ಒಂದೂವರೆ ಲೀಟರ್. ಒಂದೇ ಸಲಕ್ಕೆ ಕುಡಿಯಲಾಗದ ಕಾರಣ ಬಾಟಲಿ ದಿನವಿಡೀ ಕೈಯಲ್ಲೇ ಇರಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಇನ್ನೂ ಹೆಚ್ಚು.

ಪಾಯಸ ಕುಡಿದರೆ?

ಬೈಪಾಸ್ ಆದವರು ಮದುವೆ ಮನೆಯಲ್ಲಿ ಅರ್ಧ ಲೋಟ ಪಾಯಸ ಕುಡಿದು ಹತ್ತು-ಮೂವತ್ತು ನಿಮಿಷದಲ್ಲಿ ಬೆವರಿ, ಎದೆ ಬಡಿದುಕೊಂಡು, ಹೊಟ್ಟೆ ಹಿಂಡಿ, ಭೇದಿಯಾಗಿ ಮೂಲೆ ಹಿಡಿಯುವುದಕ್ಕೆ ಡಂಪಿಂಗ್ ಎಂದು ಹೆಸರು. ಸಿಹಿ ಒಮ್ಮೆಗೇ ಕರುಳಿಗೆ ಸುರಿದು, ರಕ್ತದಿಂದ ನೀರನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ಅನಂತರ ಇನ್ನೊಂದು ಸರದಿ: ಇನ್ಸುಲಿನ್ ವಿಪರೀತವಾಗಿ ಸ್ರವಿಸಿ ಸಕ್ಕರೆ ಅಂಶ ಕುಸಿದು ಕೈ ನಡುಗಿ ಕಣ್ಣು ಕತ್ತಲೆ ಬರುವುದು. ಸ್ಲೀವ್ ಆದವರಿಗೂ ಇದು ಬರಬಹುದು, ಬೈಪಾಸಿನಷ್ಟಲ್ಲ. ಗಾಬರಿಯಾದ ನೆಂಟರು ಹೃದಯಾಘಾತವೆಂದು ಕಾರು ಹೊರಡಿಸುವುದರಲ್ಲಿ ಆಶ್ಚರ್ಯವಿಲ್ಲ.

ಉಪಚಾರ ಹೇಳುವ ನಮ್ಮ ಪದ್ಧತಿ ಇಲ್ಲಿ ನಿಜಕ್ಕೂ ಒಂದು ಸಂಕಟ. ಸಾಕು ಎಂದವರ ಎಲೆಗೆ ಇನ್ನೊಂದು ಹೋಳಿಗೆ ಬೀಳುತ್ತದೆ. 'ಇಷ್ಟೇ ತಿಂದರೆ ಹೇಗೆ, ಸೊರಗಿ ಹೋಗಿದ್ದಿ' ಎಂಬ ಮಾತು ಪ್ರೀತಿಯದ್ದೇ. ಪಂಕ್ತಿಯಲ್ಲಿ ಎಲ್ಲರೂ ಏಳುವವರೆಗೆ ಎಲೆ ತುಂಬಿಸಿಕೊಂಡು ಕುಳಿತಿರುವುದಕ್ಕಿಂತ, ಬಡಿಸುವವರಿಗೆ ಮೊದಲೇ ಹೇಳಿ ಸಣ್ಣ ತಟ್ಟೆಯಲ್ಲಿ ಬೇಕಾದ್ದನ್ನು ಮಾತ್ರ ಹಾಕಿಸಿಕೊಳ್ಳುವುದು ಮೇಲು. ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಉತ್ತರ ಹೇಳುವ ಹೊಣೆ ಹೊತ್ತರೆ ಇನ್ನೂ ಸುಲಭ.

ಉಪವಾಸದ ಪ್ರಶ್ನೆಯೂ ಏಳುತ್ತದೆ. ರಂಜಾನಿನ ಉಪವಾಸ ನಮ್ಮಲ್ಲಿ ಹದಿಮೂರು ಗಂಟೆಗೂ ಹೆಚ್ಚು. ಉಳಿದ ಹೊತ್ತಿನಲ್ಲೇ ಒಂದೂವರೆ ಲೀಟರ್ ನೀರು, 60 ಗ್ರಾಂ ಪ್ರೋಟೀನ್, ಮಾತ್ರೆಗಳು ಎಲ್ಲ ಮುಗಿಯಬೇಕು. ಚಿಕ್ಕ ಹೊಟ್ಟೆಗೆ ಮೊದಲ ವರ್ಷ ಇದು ಆಗದ ಮಾತೆಂದು ಸಾಮಾನ್ಯವಾಗಿ ವೈದ್ಯರು ಹೇಳುತ್ತಾರೆ. ರೋಗಿಗಳಿಗೆ ಧರ್ಮದಲ್ಲೇ ರಿಯಾಯಿತಿ ಇರುವುದರಿಂದ ಉಸ್ತಾದರನ್ನೂ ವೈದ್ಯರನ್ನೂ ಕೇಳಿ ತೀರ್ಮಾನಿಸುವುದು ಲೇಸು. ಆಮೇಲಿನ ವರ್ಷಗಳಲ್ಲೂ ಇಫ್ತಾರಿನಲ್ಲಿ ಖರ್ಜೂರ, ಶರಬತ್ತುಗಳಿಂದ ಆರಂಭಿಸುವವರು ಡಂಪಿಂಗ್ ನೆನಪಿಡಬೇಕು. ಏಕಾದಶಿ, ಸೋಮವಾರಗಳ ವಿಷಯವೂ ಬೇರೆಯಲ್ಲ.

ಮಾತ್ರೆ ಬಿಡುವ ಕಾಲ

ಜೀವಸತ್ವದ ಮಾತ್ರೆಗಳು ಜೀವನಪೂರ್ತಿ. ಇದನ್ನು ಮೊದಲೇ ಒಪ್ಪಿಕೊಳ್ಳಲಾಗದವರು ಆಪರೇಶನ್ನಿಗೆ ಹೋಗದಿರುವುದೇ ಒಳ್ಳೆಯದು. ಮಲ್ಟಿವಿಟಮಿನ್, ಬಿ-12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಮುಖ್ಯ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿ.ಗ್ರಾಂ. ಬೇಕಾಗುವುದರಿಂದ ಎರಡು-ಮೂರು ಪಾಲು ಮಾಡಿ ನುಂಗಬೇಕು. ಜಠರದ ಆಮ್ಲ ಕಡಿಮೆಯಾದವರಿಗೆ ಕಾರ್ಬೊನೇಟಿಗಿಂತ ಸಿಟ್ರೇಟ್ ರೂಪ ಒಳ್ಳೆಯದು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ, ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಬಹುಪಾಲು ವ್ಯರ್ಥ.

ಮೊದಲ ವರ್ಷ ಎಲ್ಲರೂ ನುಂಗುತ್ತಾರೆ. 3, 6, 12ನೇ ತಿಂಗಳ ರಕ್ತಪರೀಕ್ಷೆಗೂ ಹೋಗುತ್ತಾರೆ. ತೂಕ ಇಳಿದು, ಹಳೆಯ ಅಂಗಿಗಳು ಜೋಲತೊಡಗಿ, ಸಕ್ಕರೆಯ ಮಾತ್ರೆಯೂ ನಿಂತ ಮೇಲೆ 'ಈಗ ನನಗೇನು ರೋಗ?' ಎಂದು ಬಿಡುತ್ತಾರೆ. ಬಿ-12ರ ದಾಸ್ತಾನು ಯಕೃತ್ತಿನಲ್ಲಿ ವರ್ಷಗಟ್ಟಲೆ ಇರುವುದರಿಂದ ತಕ್ಷಣ ಏನೂ ಆಗುವುದಿಲ್ಲ. ಮೂರು-ನಾಲ್ಕು ವರ್ಷ ಕಳೆದು ರಕ್ತಹೀನತೆ, ಕೈಕಾಲು ಜೋಮು ಬಂದಾಗ ಹಳೆಯ ಆಪರೇಶನ್ ಯಾರ ನೆನಪಿಗೂ ಬಾರದು. ಗಲ್ಫಿನಿಂದ ತಿಂಗಳ ರಜೆಯಲ್ಲಿ ಬಂದು ಆಪರೇಶನ್ ಮುಗಿಸಿ ಹಿಂದಿರುಗುವವರಲ್ಲಿ ಈ ಅಪಾಯ ಹೆಚ್ಚು. ಒಂದು ತಿಂಗಳ ರಜೆ ಕಡಿಮೆಯೇ: ಆಗ ಅವರು ಇನ್ನೂ ಕಡೆದ ಆಹಾರದ ಹಂತದಲ್ಲಿರುತ್ತಾರೆ, ಹೋಗಿ ಸೇರುವುದು ಮೆಸ್ಸಿನ ಊಟಕ್ಕೆ. ಮಿಕ್ಸಿ, ಪುಡಿ, ಆರು ತಿಂಗಳ ಮಾತ್ರೆ, ಅಲ್ಲಿ ರಕ್ತಪರೀಕ್ಷೆ ಮಾಡಿಸುವ ಜಾಗ ಇಷ್ಟೂ ಗೊತ್ತುಮಾಡಿಕೊಂಡೇ ವಿಮಾನ ಹತ್ತಬೇಕು.

ನೋವಿನ ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದವು ಬೈಪಾಸಿನ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಮೊಣಕಾಲು ನೋವಿಗೆಂದು ಮೆಡಿಕಲಿನಲ್ಲಿ ಕೇಳಿ ತರುವ ಅಭ್ಯಾಸ ಇಲ್ಲಿಗೆ ನಿಲ್ಲಬೇಕು. ಪ್ಯಾರಾಸಿಟಮಾಲ್ ಆಗಬಹುದು. ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು, ಅದಕ್ಕೆ ಕೆಲವು ತಿಂಗಳು ಬೇರೆ ಮಾತ್ರೆ ಕೊಡುತ್ತಾರೆ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ಹೆಂಗಸರನ್ನು ಬಹಳ ಹೆದರಿಸುತ್ತದೆ. ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಅದು ಮತ್ತೆ ಬರುತ್ತದೆ.

ಮಕ್ಕಳಾಗಲಿಲ್ಲವೆಂದು ತೂಕ ಇಳಿಸಿಕೊಂಡವರಿಗೆ ನಿರೀಕ್ಷೆಗಿಂತ ಬೇಗನೇ ಗರ್ಭ ನಿಲ್ಲಬಹುದು. ಆದರೆ ಮೊದಲ 12ರಿಂದ 18 ತಿಂಗಳು ಕಾಯಬೇಕು. ತಾಯಿಯೇ ಕರಗುತ್ತಿರುವಾಗ ಮಗುವಿಗೆ ಸಿಗುವುದೇನು? ಬೈಪಾಸಿನ ಅನಂತರ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರಿಕೊಳ್ಳದಿರಬಹುದು, ಬೇರೆ ವಿಧಾನ ಕೇಳಿಕೊಳ್ಳಬೇಕು. ಗರ್ಭಿಣಿಯಾದಾಗ ಸಕ್ಕರೆ ನೀರು ಕುಡಿಸಿ ಮಾಡುವ ಪರೀಕ್ಷೆಯಿಂದ ಡಂಪಿಂಗ್ ಆಗುತ್ತದೆಂದು ಮೊದಲೇ ತಿಳಿಸಿದರೆ, ಬೆರಳಿನ ರಕ್ತದಿಂದ ಪರೀಕ್ಷಿಸುವ ಬೇರೆ ದಾರಿ ಇದೆ.

ಮದ್ಯದ ಮಾತು ಕೂಡ ಬೇಕು. ಚಿಕ್ಕ ಹೊಟ್ಟೆಯಿಂದ ಮದ್ಯ ಬೇಗನೆ ರಕ್ತಕ್ಕೆ ಏರುತ್ತದೆ. ಹಿಂದೆ ಎರಡು ಕುಪ್ಪಿ ಕಳ್ಳಿಗೂ ಜಗ್ಗದವರು ಅರ್ಧಕ್ಕೇ ತೂಗಾಡುತ್ತಾರೆ. ಬೈಪಾಸ್ ಆದವರಲ್ಲಿ ಎರಡನೇ ವರ್ಷದಿಂದ ಕುಡಿತದ ಚಟ ಹೆಚ್ಚುವುದನ್ನು ಅಮೆರಿಕದ ಅಧ್ಯಯನವೊಂದು 2012ರಲ್ಲೇ ಗುರುತಿಸಿತ್ತು. ಊಟದಿಂದ ಸಿಗುತ್ತಿದ್ದ ಸಮಾಧಾನಕ್ಕೆ ಬೇರೆ ದಾರಿ ಹುಡುಕುವ ಮನಸ್ಸೂ ಇದರ ಹಿಂದೆ ಇದ್ದೀತು.

ಒಂದೆರಡು ವರ್ಷದಲ್ಲಿ ಒಟ್ಟು ತೂಕದ ಕಾಲು ಭಾಗವೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಇಳಿಯುತ್ತದೆ. 120 ಕಿಲೋ ಇದ್ದವರು 85-90ಕ್ಕೆ ಬರುತ್ತಾರೆ, 60ಕ್ಕಲ್ಲ. ಆಮೇಲೆ ಕೆಲವು ಕಿಲೋ ಮರಳಿ ಬರುವುದು ಸಾಮಾನ್ಯ. ಐಸ್‌ಕ್ರೀಮು, ಚಿಪ್ಸು, ಸಿಹಿ ಚಹಾ ಚಿಕ್ಕ ಹೊಟ್ಟೆಯಲ್ಲೂ ಸರಾಗವಾಗಿ ಜಾರುತ್ತವೆ. ದಿನವಿಡೀ ಮೆಲ್ಲುವವರಿಗೆ ಆಪರೇಶನ್ ಕಾವಲುಗಾರನಲ್ಲ. 2025ರ ಮಾರ್ಚಿನಲ್ಲಿ ಮೌಂಜಾರೋ ಇಂಜೆಕ್ಷನ್ ಭಾರತಕ್ಕೆ ಬಂದ ಮೇಲೆ ಆಪರೇಶನ್ ಯಾಕೆ ಎಂದು ಕೇಳುವವರೂ ಇದ್ದಾರೆ. ಕೆಲವರಿಗೆ ಅದೇ ಸಾಕಾಗಬಹುದು. ಆದರೆ ನಿಲ್ಲಿಸಿದರೆ ತೂಕ ಮರಳುತ್ತದೆ. ಅಲ್ಲೂ ತಿನ್ನುವುದು ಕಡಿಮೆಯಾಗುವುದರಿಂದ ಪ್ರೋಟೀನ್ ಲೆಕ್ಕ ತಪ್ಪುವುದಿಲ್ಲ.

ಗಡಿನಾಡಿನವರಿಗೆ ಕೊನೆಯದಾಗಿ ಒಂದು ಕಾಗದದ ಕೆಲಸ. ಆಪರೇಶನ್ ಮಂಗಳೂರಿನಲ್ಲಿ, ಮನೆ ಇಲ್ಲಿ, ರಾತ್ರಿ ಹೊತ್ತು ಓಡುವುದು ಕಾಸರಗೋಡಿನ ಆಸ್ಪತ್ರೆಗೆ. ಅಲ್ಲಿ ಮಾತು ಮಲಯಾಳದಲ್ಲಿ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಮರೆತಿಲ್ಲ. ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಮೊಬೈಲಿನಲ್ಲಿ ಇರಲಿ. ಪರ್ಸಿನಲ್ಲೊಂದು ಚೀಟಿಯೂ ಇರಲಿ: ಯಾವ ಆಪರೇಶನ್, ಯಾವ ದಿನ, ವೈದ್ಯರ ಫೋನ್ ನಂಬರ್, ಡೈಕ್ಲೋಫಿನಾಕ್ ಬೇಡ, ಥಯಾಮಿನ್ ಕೊಡದೆ ಗ್ಲೂಕೋಸ್ ಬೇಡ. ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಬರೆಸಿದರೆ ಉತ್ತಮ. ಇನ್ನೊಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲೆ, ಕನ್ನಡದಲ್ಲಿ.